ಚಳಿಗೆ ಯಾವ ಕಳ್ಳಿ? ತಾಳವಾಡಿಯ ಹೊಲದಿಂದ ಊಟಿಯ ಇಳಿಜಾರಿನವರೆಗೆ ಒಂದು ಹೋಲಿಕೆ

ಹೋದ ಜನವರಿಯಲ್ಲಿ ಒಂದು ಬೆಳಗ್ಗೆ ಚಿಕ್ಕಪ್ಪನ ಮಗ ಫೋನ್ ಮಾಡಿ, "ಅಣ್ಣ, ನೀ ಕೊಟ್ಟಿದ್ದ ಕಳ್ಳಿ ಬೇಯ್ಸಿಟ್ಟಂಗೆ ಆಗೋಗದೆ, ಬಂದು ನೋಡು" ಅಂದ. ಅವನಿರುವುದು ಊಟಿ ಹತ್ತಿರ, ತಲೈಕುಂದಾ ಕಡೆ. ಕ್ಯಾರೆಟ್ ಹಾಕುತ್ತಾನೆ, ಎರಡು ಹಸು ಸಾಕಿದ್ದಾನೆ. ಅದರ ಹಿಂದಿನ ಮೇ ತಿಂಗಳಲ್ಲಿ ನಮ್ಮ ತಾಳವಾಡಿಯ ಹೊಲದಿಂದ ಮುಳ್ಳಿಲ್ಲದ ಕಳ್ಳಿಯ ಮೂವತ್ತು ಎಲೆ ಗೋಣಿಚೀಲಕ್ಕೆ ತುಂಬಿ ಕೊಟ್ಟಿದ್ದೆ. "ಇನ್ಮೇಲೆ ಬೇಸಿಗೇಲಿ ಮೇವಿನ ಚಿಂತೆ ಬಿಡು" ಅಂತ ದೊಡ್ಡದಾಗಿ ಹೇಳಿಯೂ ಇದ್ದೆ.

ಗುಂಡ್ಲುಪೇಟೆ, ಬಂಡೀಪುರ, ಮಸಿನಗುಡಿ ದಾಟಿ ಕಲ್ಹಟ್ಟಿ ಘಾಟಿಯ 36 ತಿರುವು ಹತ್ತಿ ಹೋದೆ. ಮಸಿನಗುಡಿಯವರೆಗೆ ದಾರಿಬದಿಯಲ್ಲಿ ಪಾಪಾಸುಕಳ್ಳಿ ಪೊದೆಪೊದೆಯಾಗಿ ಸಿಗುತ್ತದೆ. ಘಾಟಿ ಏರುತ್ತಾ ಏರುತ್ತಾ ಕಾಣೆಯಾಗುತ್ತದೆ. ಅದನ್ನು ಎಷ್ಟೋ ಸಲ ನೋಡಿದ್ದೆ, ಯಾಕೆ ಅಂತ ತಲೆ ಕೆಡಿಸಿಕೊಂಡಿರಲಿಲ್ಲ.

ತಮ್ಮ ಇಪ್ಪತ್ತು ಎಲೆಯನ್ನು ಕೆಳಗೆ ತೊರೆಯ ಪಕ್ಕದ ತಗ್ಗಿನಲ್ಲಿ ನೆಟ್ಟಿದ್ದ, ಅಲ್ಲಿ ಮಣ್ಣು ಚೆನ್ನಾಗಿದೆ ಅಂತ. ಮಿಕ್ಕ ಹತ್ತನ್ನು ಜಾಗ ಸಾಲದೆ ಕೊಟ್ಟಿಗೆಯ ಕಲ್ಲುಗೋಡೆಯ ಬುಡಕ್ಕೆ, ತಗಡಿನ ಸೂರಿನ ಕೆಳಗೆ ಊರಿದ್ದ. ತಗ್ಗಿನವು ಬೆಳಗ್ಗೆ ಗಾಜಿನ ಹಾಗೆ ಕಪ್ಪುಹಸಿರಾಗಿದ್ದವು. ಬಿಸಿಲು ಬಿದ್ದ ಮೇಲೆ ಸೋತು ಬಗ್ಗಿದವು. ಒಂದನ್ನು ಒತ್ತಿದೆ, ಬೆರಳು ಒಳಗೇ ಹೋಯಿತು, ಲೋಳೆನೀರು ಮಣಿಕಟ್ಟಿನವರೆಗೆ ಇಳಿಯಿತು. ಒದ್ದೆ ಚರ್ಮದ ಚೀಲ ಹಿಸುಕಿದ ಹಾಗೆ. ಗೋಡೆಬುಡದ ಹತ್ತರಲ್ಲಿ ಎಂಟು ಬದುಕಿದ್ದವು. ಅವು ಸುಕ್ಕುಗಟ್ಟಿ, ತೆಳ್ಳಗಾಗಿ, ನೋಡಿದರೆ ಅಯ್ಯೋ ಅನ್ನುವ ಹಾಗಿದ್ದವು. "ಸೂರಿನ ಕೆಳಗೆ ಮಳೆ ಬೀಳಲ್ವಲ್ಲ ಭಾವ, ಪಾಪ ನೀರೇ ಸಿಕ್ಕಿಲ್ಲ ಅವಕ್ಕೆ" ಅಂದಳು ತಮ್ಮನ ಹೆಂಡತಿ, ಕನಿಕರದಿಂದ. ನೀರು ಸಿಗದೆ ಇದ್ದದ್ದೇ ಅವನ್ನು ಉಳಿಸಿತ್ತು.

ಅವತ್ತಿನಿಂದ ಯಾರಾದರೂ "ಈ ಕಳ್ಳಿ ಎಷ್ಟು ಡಿಗ್ರಿ ಚಳಿ ತಡೆಯುತ್ತೆ?" ಅಂತ ಕೇಳಿದರೆ ನಾನು ತಿರುಗಿಸಿ ಕೇಳುವುದು ಒಂದೇ ಮಾತು: ಚಳಿ ಬರುವ ಹೊತ್ತಿಗೆ ನಿಮ್ಮ ನೆಲ ಒಣಗಿರುತ್ತದಾ? ಈ ಬರಹದಲ್ಲಿ ಬೇರೆ ಬೇರೆ ಕಳ್ಳಿಗಳನ್ನು ಹೋಲಿಸುವುದು ಆ ಪ್ರಶ್ನೆಯನ್ನು ಕೈಯಲ್ಲಿ ಹಿಡಿದುಕೊಂಡೇ.

ಮೊದಲು ಹೆಸರಿನ ಮಾತು. ನಾವು ಪಾಪಾಸುಕಳ್ಳಿ, ಡಬ್ಬುಗಳ್ಳಿ ಅನ್ನುವುದನ್ನು ಇಲ್ಲಿನ ತಮಿಳರು ಸಪ್ಪಾತಿಕಳ್ಳಿ ಅನ್ನುತ್ತಾರೆ, ಮಡಕಶಿರಾ ಕಡೆ ತೆಲುಗಿನವರಿಗೆ ಅದು ನಾಗಜೆಮುಡು, ಜತ್ತ–ಅಕ್ಕಲಕೋಟೆಯ ಮರಾಠಿಯವರಿಗೆ ನಿವಡುಂಗ. ನರ್ಸರಿಯವರು 'ಕ್ಯಾಕ್ಟಸ್ ಪಿಯರ್' ಅನ್ನುತ್ತಾರೆ. ಎಲ್ಲ ಒಪಂಶಿಯಾ ಕುಲದವೇ, ಆದರೆ ಜಾತಿ ಬೇರೆ ಬೇರೆ, ಗುಣವೂ ಬೇರೆ. ಎಲೆ ಅಂತ ನಾವು ಕರೆಯುವುದು ನಿಜಕ್ಕೂ ಚಪ್ಪಟೆಯಾದ ಕಾಂಡ. ಇಲ್ಲಿ ಎಲೆ ಅಂತಲೇ ಬರೆಯುತ್ತೇನೆ. ಗುಂಪಾಗಿ ಚುಚ್ಚಿಕೊಳ್ಳುವ ಕೂದಲಿನಂಥ ಸಣ್ಣ ಮುಳ್ಳಿಗೆ ಸುಂಕು ಅನ್ನುತ್ತೇನೆ. ರಾಗಿ ಬಡಿದವರಿಗೆ ಬೇರೆ ವಿವರಣೆ ಬೇಡ. 'ಮುಳ್ಳಿಲ್ಲದ ಕಳ್ಳಿ' ಅಂದರೆ ದೊಡ್ಡ ಮುಳ್ಳಿಲ್ಲ ಅಂತಷ್ಟೇ ಅರ್ಥ. ಸುಂಕು ಇದ್ದೇ ಇರುತ್ತದೆ, ಕೈಗೆ ಚೀಲ ಸುತ್ತಿಕೊಳ್ಳಿ.

ಚಳಿ ಏನು ಮಾಡುತ್ತದೆ

ಕಳ್ಳಿಯ ಎಲೆಯಲ್ಲಿ ನೂರಕ್ಕೆ 85ರಿಂದ 90 ಭಾಗ ನೀರು. ಹಿಮ ಕಟ್ಟುವ ರಾತ್ರಿ ಮಂಜುಗಡ್ಡೆ ಮೊದಲು ಕಾಣಿಸಿಕೊಳ್ಳುವುದು ಜೀವಕೋಶದ ಒಳಗಲ್ಲ, ಕೋಶ ಕೋಶಗಳ ನಡುವಿನ ಸಂದಿಯಲ್ಲಿ. ಆ ಗಡ್ಡೆ ಕೋಶದ ನೀರನ್ನು ಹೊರಗೆ ಎಳೆದುಕೊಳ್ಳುತ್ತಾ ಬೆಳೆಯುತ್ತದೆ. ಎಲೆ ಮೊದಲೇ ಬಡಕಲಾಗಿ, ಒಳಗಿನ ರಸ ಸಕ್ಕರೆ ಲೋಳೆ ಸೇರಿ ಗಟ್ಟಿಯಾಗಿದ್ದರೆ ತಡೆದುಕೊಳ್ಳುತ್ತದೆ. ಕುಡಿದು ಉಬ್ಬಿಕೊಂಡಿದ್ದರೆ ಹರಿದುಹೋಗುತ್ತದೆ. ಚಳಿದೇಶದ ಕಳ್ಳಿಗಳಿಗೆ ಈ ಗುಟ್ಟು ಹುಟ್ಟಿನಿಂದಲೇ ಗೊತ್ತು. ಹಗಲು ಗಿಡ್ಡವಾಗಿ ರಾತ್ರಿ ತಂಪಾಗುತ್ತಾ ಬಂದ ಹಾಗೆ ಅವು ತಾವಾಗೇ ನೀರು ಬಿಟ್ಟುಕೊಟ್ಟು, ಸುಕ್ಕಾಗಿ, ನೆಲಕ್ಕೆ ಒರಗಿ ಮಲಗುತ್ತವೆ. ಹಣ್ಣಿಗೂ ಮೇವಿಗೂ ಲೋಕವೆಲ್ಲ ಬೆಳೆಯುವ ಒಪಂಶಿಯಾ ಫೈಕಸ್-ಇಂಡಿಕಾ ಮಾತ್ರ ಈ ವಿದ್ಯೆಯಲ್ಲಿ ದಡ್ಡ. ಹಾಗಾಗಿ ಅದರ ಪರವಾಗಿ ನಾವೇ ನೀರು ನಿಲ್ಲಿಸಬೇಕು.

ಮೆಕ್ಸಿಕೋದ ಸಕಾಟೆಕಾಸ್ ಪ್ರಸ್ಥಭೂಮಿಯಲ್ಲಿ ಕಳ್ಳಿಹಣ್ಣಿನ ದೊಡ್ಡ ದೊಡ್ಡ ತೋಟಗಳಿವೆ. ಎತ್ತರ ಹೆಚ್ಚುಕಮ್ಮಿ ಊಟಿಯಷ್ಟೇ, ಅಂದರೆ 2,200 ಮೀಟರ್ ಆಸುಪಾಸು. ಚಳಿಗಾಲದಲ್ಲಿ ಅಲ್ಲೂ ಹಿಮ ಕಟ್ಟುತ್ತದೆ. ಆದರೂ ಗಿಡ ಬದುಕುತ್ತದೆ, ಹಣ್ಣು ಬರುತ್ತದೆ. ವ್ಯತ್ಯಾಸ ಮಳೆಯದು. ಅಲ್ಲಿ ವರ್ಷಕ್ಕೆ 400–500 ಮಿ.ಮೀ., ಅದೂ ಬಹುಪಾಲು ಬೇಸಿಗೆಯಲ್ಲಿ; ಚಳಿ ಕಾಲಿಡುವ ಹೊತ್ತಿಗೆ ನೆಲ ಒಣಗಿ ಗಿಡ ಸೊರಗಿರುತ್ತದೆ. ಊಟಿಯಲ್ಲಿ ಮುಂಗಾರು ಹೋಯಿತು ಅನ್ನುವಷ್ಟರಲ್ಲಿ ಅಕ್ಟೋಬರ್, ನವೆಂಬರ್‌ನಲ್ಲಿ ಹಿಂಗಾರು ಹಿಡಿಯುತ್ತದೆ. ಕಳ್ಳಿ ಹೊಟ್ಟೆತುಂಬ ನೀರು ಕುಡಿದುಕೊಂಡು ನೇರವಾಗಿ ಡಿಸೆಂಬರಿನ ಹಿಮಕ್ಕೆ ಸಿಕ್ಕಿಕೊಳ್ಳುತ್ತದೆ.

ಇನ್ನೊಂದು ಮೋಸ ಥರ್ಮಾಮೀಟರಿನದು. ಫೈಕಸ್-ಇಂಡಿಕಾದ ಎಳೆ ಚಿಗುರು, ಹೂವು ಸೊನ್ನೆಯಿಂದ ಸ್ವಲ್ಪ ಕೆಳಗೆ ಇಳಿದರೂ ಸುಟ್ಟುಹೋಗುತ್ತವೆ. ಬಲಿತ ಎಲೆಗೆ ಸೊನ್ನೆಯಿಂದ 5 ಡಿಗ್ರಿ ಕೆಳಗೆ ಗಾಯ, 8–10 ಡಿಗ್ರಿ ಕೆಳಗೆ ಹೋದರೆ ಗಿಡ ಬುಡದವರೆಗೆ ಸಾಯುವುದೇ ಹೆಚ್ಚು. ಈ ಲೆಕ್ಕದಲ್ಲಿ ನೀಲಗಿರಿಯ ಚಳಿ ಏನೂ ಅಲ್ಲ. ಸೊನ್ನೆ ಮುಟ್ಟುತ್ತದೆ, ಕೆಲವು ವರ್ಷ ಒಂದೆರಡು ಡಿಗ್ರಿ ಕೆಳಗೆ ಹೋಗುತ್ತದೆ. ಆದರೆ ಆ ಅಳತೆ ಆಳೆತ್ತರದಲ್ಲಿ, ನೆರಳಿನ ಪೆಟ್ಟಿಗೆಯಲ್ಲಿ ತೆಗೆದದ್ದು. ಮೋಡವಿಲ್ಲದ ರಾತ್ರಿ ನೆಲಕ್ಕೆ ಅಂಟಿಕೊಂಡ ಗಾಳಿ ಅದಕ್ಕಿಂತ ಎಷ್ಟೋ ತಣ್ಣಗಿರುತ್ತದೆ, ತಗ್ಗಿನಲ್ಲಿ ಇನ್ನೂ ಹೆಚ್ಚು. ತಣ್ಣನೆ ಗಾಳಿ ನೀರಿನ ಹಾಗೆ ಇಳಿಜಾರಿನಲ್ಲಿ ಜಾರಿ ತಗ್ಗಿನಲ್ಲಿ ನಿಲ್ಲುತ್ತದೆ. ನೀಲಗಿರಿಯಲ್ಲಿ ಬೆಳಗ್ಗೆ ಆರಕ್ಕೆ ಎದ್ದು ನೋಡಿದರೆ ಕೆಳಗಿನ ಹುಲ್ಲುಗಾವಲು ಸುಣ್ಣ ಬಳಿದ ಹಾಗೆ ಬೆಳ್ಳಗಿರುತ್ತದೆ, ಮೇಲಿನ ದಿಬ್ಬ ಹಸಿರಾಗೇ ಇರುತ್ತದೆ. ನಮ್ಮ ತಮ್ಮ ಆ ಬಿಳಿಯ ಒಳಗೇ ಹೋಗಿ ನೆಟ್ಟಿದ್ದ.

ಹಾಗಂತ ಚಳಿಯನ್ನು ಪೂರ್ತಿ ಶತ್ರು ಮಾಡಬೇಡಿ. ಕಳ್ಳಿ ಹಗಲು ಬಾಗಿಲು ಮುಚ್ಚಿಕೊಂಡು, ರಾತ್ರಿ ತೆರೆದು ಗಾಳಿ ಎಳೆದುಕೊಳ್ಳುವ ಗಿಡ. ಹಗಲು 25, ರಾತ್ರಿ 15 ಡಿಗ್ರಿ ಇದ್ದರೆ ಅದಕ್ಕೆ ಅರಮನೆ. ರಾತ್ರಿ ಸೆಕೆಯಿದ್ದರೆ ಸೊರಗುತ್ತದೆ. ಚಳಿಗಾಲದ ತಂಪು ಸ್ವಲ್ಪ ತಗುಲಿದರೆ ಹೂಮೊಗ್ಗೂ ಚೆನ್ನಾಗಿ ಬರುತ್ತದೆ. ತಾಳವಾಡಿ, ಹಾಸನೂರು, ತಳಿ, ದೇನ್ಕನಿಕೋಟೆ ಅದಕ್ಕೆ ಹೇಳಿ ಮಾಡಿಸಿದ ಜಾಗ ಅಂತ ನಾನು ಹೇಳುವುದು ಇದಕ್ಕೇ. (ತಳಿ ಊರಿನವರು ಫೋನ್ ಮಾಡಿ "ಯಾವ ತಳಿ?" ಅಂದಾಗ ಊರು ಕೇಳುತ್ತಿದ್ದಾರೋ ಬೆಳೆ ಕೇಳುತ್ತಿದ್ದಾರೋ ಗೊತ್ತಾಗದೆ ಒಂದು ಸಲ ನಗೆಪಾಟಲಾಗಿದ್ದೇನೆ.)

ಊರಿನ ಪಾಪಾಸುಕಳ್ಳಿ

ಬೇಲಿಗೆ ಇದನ್ನು ಮೀರಿಸಿದ್ದಿಲ್ಲ. ಕಾಸು ಖರ್ಚಿಲ್ಲ, ನೀರು ಬೇಡ, ಮೇಕೆ ಬಾಯಿ ಹಾಕುವುದಿಲ್ಲ. ಚಿಕ್ಕವರಿದ್ದಾಗ ಹಣ್ಣನ್ನು ಕಡ್ಡಿಯಲ್ಲಿ ಕೆಡವಿ, ಮರಳಿನಲ್ಲಿ ಕಾಲಿಂದ ಉರುಳಾಡಿಸಿ ಸುಂಕು ಕಳೆದು ತಿಂದವರೇ ಎಲ್ಲ. ನಾಲಗೆ ಕೆಂಪು, ಮಾರನೇ ದಿನ ಮೂತ್ರವೂ ಕೆಂಪು. ರಕ್ತ ಅಂತ ಹೆದರಿ ಅಳುತ್ತಿದ್ದೆವು. ಬರೀ ಬಣ್ಣ, ಏನೂ ಆಗುವುದಿಲ್ಲ. ಬೀಜ ಸಮೇತ ಜಾಸ್ತಿ ತಿಂದರೆ ಹೊಟ್ಟೆ ಕಟ್ಟುವುದು ಮಾತ್ರ ನಿಜ.

ಬೆಳೆಯಾಗಿ ಇದನ್ನು ಆರಿಸಿಕೊಳ್ಳಬೇಡಿ. ಹಣ್ಣು ಸಣ್ಣದು, ಬೀಜವೇ ಹೆಚ್ಚು. ಮೇವಿಗೆ ಬೇಕಾದರೆ ಪ್ರತಿ ಎಲೆಯ ಮುಳ್ಳನ್ನೂ ಬೆಂಕಿಯಲ್ಲಿ ಸುಡಬೇಕು. ಎಲ್ಲಕ್ಕಿಂತ ದೊಡ್ಡ ತೊಂದರೆ ಅದರ ಮೇಲೆ ಕೂರುವ ಬಿಳಿ ಹತ್ತಿಯಂಥ ಹುಳು. ಬೆರಳಿನಿಂದ ಒರೆಸಿದರೆ ಕುಂಕುಮದ ಹಾಗೆ ಕೆಂಪು ಹತ್ತುತ್ತದೆ. ಇದಕ್ಕೊಂದು ಕಥೆಯಿದೆ. 1795ರಲ್ಲಿ ಈಸ್ಟ್ ಇಂಡಿಯಾ ಕಂಪನಿಯ ಕಾಲದಲ್ಲಿ ಕೆಂಪು ಬಣ್ಣ ತೆಗೆಯುವ ಆಸೆಯಿಂದ ಬ್ರೆಜಿಲ್ ಕಡೆಯಿಂದ ಹುಳು ತರಿಸಿದರು. ಬಂದದ್ದು ಬೇರೆ ಜಾತಿ. ಬಣ್ಣಕ್ಕೆ ಪ್ರಯೋಜನವಾಗಲಿಲ್ಲ, ಆದರೆ ಒಂದು ಜಾತಿಯ ಕಳ್ಳಿಯನ್ನು ತಿಂದು ಬಯಲು ಮಾಡಿತು. 1926ರಲ್ಲಿ ಶ್ರೀಲಂಕಾದಿಂದ ಇನ್ನೊಂದು ಹುಳುವನ್ನು, ಈ ಸಲ ಬೇಕಂತಲೇ, ದಕ್ಷಿಣ ಭಾರತದ ಪಾಪಾಸುಕಳ್ಳಿ ಅಳಿಸಲು ತಂದು ಬಿಟ್ಟರು. ಅದರ ಸಂತಾನ ಇವತ್ತಿಗೂ ನಮ್ಮ ಬೇಲಿಗಳಲ್ಲಿದೆ. ಅದೇ ಜಾತಿಯ ಹುಳು 2014ರಿಂದೀಚೆಗೆ ಮೊರಾಕ್ಕೋದಲ್ಲಿ ಹಣ್ಣಿನ ಕಳ್ಳಿಯನ್ನು ಊರಿಗೆ ಊರೇ ಒಣಗಿಸಿಬಿಟ್ಟಿತು. ಹಾಗಾಗಿ ಹಳೆ ಬೇಲಿಯ ಪಕ್ಕದಲ್ಲೇ ಹೊಸ ಕಳ್ಳಿ ನೆಡುವುದು ಸಿಡುಬಿನ ಮನೆ ಪಕ್ಕ ತೊಟ್ಟಿಲು ಕಟ್ಟಿದ ಹಾಗೆ. ದೂರ ಇಡಿ, ಒಣ ತಿಂಗಳಲ್ಲಿ ವಾರಕ್ಕೊಮ್ಮೆ ಎಲೆಯ ಬೆನ್ನು ನೋಡಿ. ಒಂದೆರಡು ಚುಕ್ಕಿ ಇದ್ದಾಗಲೇ ಸೋಪಿನ ನೀರು ಹಾಕಿ ಬ್ರಷ್ಷಿನಲ್ಲಿ ಉಜ್ಜಿದರೆ ಹೋಗುತ್ತದೆ. ಬಿಟ್ಟರೆ ಆ ಎಲೆಯನ್ನೇ ಕಡಿದು ಹೂಳಬೇಕು.

ಮುಳ್ಳಿಲ್ಲದ ಮೇವಿನ ಕಳ್ಳಿ

ನನ್ನ ಮಟ್ಟಿಗೆ ನಮ್ಮ ಗಡಿಭಾಗದ ಒಣ ಊರುಗಳಿಗೆ ಮೊದಲ ಆಯ್ಕೆ ಇದೇ. ಇದು ಫೈಕಸ್-ಇಂಡಿಕಾ. ಟೆಕ್ಸಾಸ್‌ನಿಂದ ನಮ್ಮ ದೇಶದ ಸಂಶೋಧನಾ ಕೇಂದ್ರಗಳಿಗೆ ಬಂದ ತಳಿಗಳಲ್ಲಿ 1270, 1271 ಅನ್ನುವ ನಂಬರಿನವು ಹೆಚ್ಚು ಹರಡಿವೆ. ಜೋಧಪುರದ ಕಾಜ್ರಿ (ಒಣಭೂಮಿ ಸಂಶೋಧನಾ ಸಂಸ್ಥೆ), ಝಾನ್ಸಿಯ ಮೇವು ಸಂಶೋಧನಾ ಸಂಸ್ಥೆಗಳಲ್ಲಿ ಇದರ ಮೇಲೆ ಕೆಲಸ ನಡೆದಿದೆ.

ನಂಬರು ಕೇಳಿಯೇ ತೆಗೆದುಕೊಳ್ಳಿ. ಬಯಲುಸೀಮೆಯ ಒಂದು ನರ್ಸರಿಯಿಂದ ನಾನು ಮೊದಲ ಸಲ 'ಮುಳ್ಳಿಲ್ಲದ್ದು' ಅಂತ ನೂರು ಎಲೆ ತಂದೆ. ಎರಡನೇ ವರ್ಷ ಸುಮಾರು ಕಾಲುಭಾಗಕ್ಕೆ ಬೆರಳುದ್ದ ಮುಳ್ಳು. ಕೇಳಿದರೆ "ನಿಮ್ಮ ಮಣ್ಣಿನ ಗುಣ ಸ್ವಾಮಿ" ಅಂದರು. ಅದರಲ್ಲಿ ಒಂದಾಣೆ ಸತ್ಯವೂ ಇದೆ. ತೀರಾ ಬರ ಬಿದ್ದರೆ ಕೆಲವು ಗಿಡ ಮುಳ್ಳು ಹೊರಡಿಸುತ್ತವೆ, ಬೀಜದಿಂದ ಮಾಡಿದ ಸಸಿಯಾದರೆ ಹೇಳುವುದೇ ಬೇಡ. ಹದಿನೈದಾಣೆ ಕಲಬೆರಕೆ. ತಾಯಿಗಿಡವನ್ನು ಕಣ್ಣಾರೆ ನೋಡಿ, ಅದರ ಎಲೆಯನ್ನೇ ಕಡಿಸಿಕೊಂಡು ಬನ್ನಿ.

ಮೇವಾಗಿ ಇದು ನೀರಿನ ಪಾತ್ರೆ ಅಂತ ತಿಳಿದುಕೊಳ್ಳಿ, ಅನ್ನದ ತಟ್ಟೆ ಅಲ್ಲ. ಒಣ ತೂಕದಲ್ಲಿ ಪ್ರೋಟೀನು ನೂರಕ್ಕೆ ನಾಲ್ಕರಿಂದ ಎಂಟು ಭಾಗದೊಳಗೆ. ಬರೀ ಕಳ್ಳಿ ಹಾಕಿದರೆ ಹಸುವಿನ ಸಗಣಿ ನೀರಾಗಿ ಕೊಟ್ಟಿಗೆ ಗಬ್ಬೆದ್ದು ಹೋಗುತ್ತದೆ. ನಾವು ಮನೆಯಲ್ಲಿ ಮೇಕೆಗೆ ದಿನಕ್ಕೆ ಎರಡು ಕೆಜಿ, ಹಸುವಿಗೆ ಹತ್ತು ಕೆಜಿ ಮೀರಿಸುವುದಿಲ್ಲ. ಮಚ್ಚಿನಲ್ಲಿ ಚೂರು ಮಾಡಿ, ರಾಗಿಹುಲ್ಲಿನ ಜೊತೆ ಬೆರೆಸಿ, ಹುರುಳಿ ಹೊಟ್ಟೋ ಕಡ್ಲೆಕಾಯಿ ಹಿಂಡಿಯೋ ಮೇಲೆ ಉದುರಿಸಿ ಕೊಡುತ್ತೇವೆ. ಮೊದಲ ವಾರ ಒಂದೊಂದು ಹಿಡಿಯಿಂದ ಶುರು. ಮಾರ್ಚ್, ಏಪ್ರಿಲ್‌ನಲ್ಲಿ ಬಾವಿ ತಳ ಕಂಡಾಗ ಇದರ ಬೆಲೆ ಗೊತ್ತಾಗುತ್ತದೆ. ಕಳ್ಳಿ ತಿಂದ ಮೇಕೆ ತೊಟ್ಟಿಯ ಕಡೆ ತಿರುಗಿಯೂ ನೋಡುವುದಿಲ್ಲ.

ತಮಾಷೆ ಅಂದರೆ ಬೇಲಿಯಾಗಿದ್ದ ಗಿಡಕ್ಕೇ ಈಗ ಬೇಲಿ ಬೇಕು. ಮುಳ್ಳು ಹೋಯಿತು, ಕಾವಲೂ ಹೋಯಿತು. ಸತ್ಯಮಂಗಲ ಕಾಡಿನ ಅಂಚಿನಲ್ಲಿರುವ ನಮಗೆ ಹಂದಿ, ಜಿಂಕೆ, ಮುಳ್ಳುಹಂದಿ ಮೂರೂ ಇದರ ಗಿರಾಕಿಗಳು. ಆನೆಯ ಮಾತು ಬೇರೆಯೇ, ಅದು ಮುಳ್ಳಿದ್ದರೂ ಕೇಳುವುದಿಲ್ಲ. ಹೊರಸುತ್ತಿಗೆ ಕತ್ತಾಳೆ ಇಟ್ಟು ಒಳಗೆ ಇದನ್ನು ಹಾಕಿದ್ದೇನೆ, ಹಂದಿಗೆ ಮಾತ್ರ ಅದೂ ಸಾಲದು.

ಹಣ್ಣಿನ ಕಳ್ಳಿ

ಜಾತಿ ಅದೇ, ಆದರೆ ಹಣ್ಣಿಗಾಗಿ ಆರಿಸಿ ಬೆಳೆಸಿದ ತಳಿಗಳು. ಒಂದೊಂದು ಹಣ್ಣು ನೂರು ಗ್ರಾಂ ಮೀರುತ್ತದೆ. ಕೆಂಪು, ಹಳದಿ, ಬಿಳಿ ಹಸಿರು ಬಣ್ಣದವಿವೆ. ಮೇವಿನದನ್ನು ಮೀಟರಿಗೊಂದರಂತೆ ಒತ್ತಾಗಿ ನೆಟ್ಟರೆ ನಡೆಯುತ್ತದೆ, ಹಣ್ಣಿನದಕ್ಕೆ ಸಾಲಿನಿಂದ ಸಾಲಿಗೆ ನಾಲ್ಕೈದು ಮೀಟರ್ ಬಿಡಬೇಕು, ಬಿಸಿಲು ಗಿಡದ ಒಳಗೆ ಇಳಿಯಬೇಕು. ಎರಡು ಮೂರು ವರ್ಷ ಕಾಯಬೇಕು, ಪೂರ್ತಿ ಫಸಲಿಗೆ ಇನ್ನೂ ಹೆಚ್ಚು.

ಚಳಿ ಹೆಚ್ಚಿರುವ ಕಡೆ ಇದರ ಕಷ್ಟ ಎರಡು. ಗಿಡ ಉಳಿದರೂ ಹಣ್ಣು ಸಿಹಿಯಾಗಲು ಬಿಸಿ ಬೇಕು. ಊಟಿಯಲ್ಲಿ ಹಗಲಿನ ಬಿಸಿಲೇ ಮಂದ, ಮಂಜು ಬೇರೆ, ಹಣ್ಣು ಹಸಿರಾಗೇ ಕೂತಿರುತ್ತದೆ. ಎರಡನೆಯದು ಸಿಸಿಲಿಯ ಉಪಾಯಕ್ಕೆ ಸಂಬಂಧಿಸಿದ್ದು. ಇಟಲಿಯ ಆ ದ್ವೀಪದಲ್ಲಿ ಜೂನ್ ಸುಮಾರಿಗೆ ಮೊದಲ ಹೂವನ್ನೆಲ್ಲ ಉದುರಿಸಿಬಿಡುತ್ತಾರೆ. ಗಿಡ ಸಿಟ್ಟಿಗೆದ್ದು ಮತ್ತೆ ಹೂ ಬಿಡುತ್ತದೆ; ಆ ಹಣ್ಣು ಅಕ್ಟೋಬರ್, ನವೆಂಬರ್‌ಗೆ ಬರುತ್ತದೆ, ದಪ್ಪ, ಬೀಜ ಕಡಿಮೆ, ಬೆಲೆ ಜಾಸ್ತಿ. ವಿಡಿಯೋದಲ್ಲಿ ನೋಡಿ ನಮ್ಮವರೂ ಮಾಡಲು ಹೊರಡುತ್ತಾರೆ. ಚಳಿ ಬೇಗ ಬರುವ ಕಡೆ ಎರಡನೇ ಹಣ್ಣು ಹಿಮಕ್ಕೆ ಸಿಕ್ಕಿಬೀಳುತ್ತದೆ, ನಮ್ಮ ಕಡೆ ಹಿಂಗಾರಿನ ಮಳೆಗೆ ಒಡೆದು ಕೊಳೆಯುತ್ತದೆ. ಸಿಸಿಲಿಯ ಮಳೆಯ ಕ್ಯಾಲೆಂಡರೇ ಬೇರೆ.

ಮಾರಾಟದ ಬಗ್ಗೆ ಒಂದೇ ಮಾತು. ಅರ್ಧ ಎಕರೆ ಮೀರಿ ಹಾಕುವ ಮುಂಚೆ ಗಿರಾಕಿ ಯಾರು ಅಂತ ಬರೆದಿಟ್ಟುಕೊಳ್ಳಿ. ಸತ್ಯಮಂಗಲದ ಸಂತೆಯಲ್ಲಿ "ಬೇಲಿ ಹಣ್ಣಿಗೆ ದುಡ್ಡು ಬೇರೆ ಕೊಡಬೇಕಾ?" ಅಂತ ನನ್ನನ್ನೇ ಕೇಳಿದವರಿದ್ದಾರೆ.

ಹಿಮಕ್ಕೆ ಜಗ್ಗದ ಕಳ್ಳಿಗಳು

ಟೆಕ್ಸಾಸ್‌ನಲ್ಲಿ 1989ರ ಡಿಸೆಂಬರಿನ ಹಿಮಕ್ಕೆ ಫೈಕಸ್-ಇಂಡಿಕಾ ತರಹದ ಕಳ್ಳಿಗಳು ನೆಲಕಚ್ಚಿದವು. ಅಂಥ ಚಳಿಗೆ ಬಗ್ಗದೆ ನಿಲ್ಲುವುದು ಒಪಂಶಿಯಾ ಎಲಿಸಿಯಾನಾ ಅನ್ನುವ ಜಾತಿ. ಮುಳ್ಳಿಲ್ಲ, ಮೇವಿಗೆ ಆಗುತ್ತದೆ. ಎಲೆ ಸಣ್ಣದು, ಮೊದಲ ವರ್ಷಗಳಲ್ಲಿ ಬೆಳವಣಿಗೆ ಆಮೆ ನಡಿಗೆ. ನಿಜಕ್ಕೂ ಹಿಮ ಬೀಳುವ, ಆದರೆ ಒಣಗಿರುವ ಸೀಮೆಗೆ ಇದೇ ಸರಿಯಾದ ಮೇವಿನ ಕಳ್ಳಿ. ನಮ್ಮ ಕಡೆ ಯಾವ ನರ್ಸರಿಯಲ್ಲೂ ನಾನು ಇದನ್ನು ಕಂಡಿಲ್ಲ. ಅಮೆರಿಕದಲ್ಲಿರುವ ಮಗನಿಗೆ ಹೇಳಿ ಸೂಟ್‌ಕೇಸಿನಲ್ಲಿ ಎರಡು ಎಲೆ ತರಿಸುತ್ತೇನೆ ಅಂದವರಿದ್ದಾರೆ. ಪರವಾನಗಿ ಇಲ್ಲದೆ ಹೊರದೇಶದ ಗಿಡ ತರುವುದು ಕಾನೂನಿಗೆ ವಿರುದ್ಧ. ಜೊತೆಗೆ ಬಿಳಿಹುಳುವಿನ ಕಥೆ ಈಗಷ್ಟೇ ಹೇಳಿದೆ. ಹೀಗೇ ಬಂದ ಪಾಪಾಸುಕಳ್ಳಿ ಆಸ್ಟ್ರೇಲಿಯಾದಲ್ಲಿ ಎರಡು ಕೋಟಿ ಹೆಕ್ಟೇರಿಗೂ ಹೆಚ್ಚು ನೆಲ ನುಂಗಿತ್ತು. 1926ರಿಂದ ಒಂದು ಪತಂಗವನ್ನು ಬಿಟ್ಟ ಮೇಲೆ ಅದು ಹಿಮ್ಮೆಟ್ಟಿತು.

ಕೆನಡಾದವರೆಗೂ ಹಬ್ಬಿರುವ ಕಳ್ಳಿಗಳಿವೆ: ಹ್ಯುಮಿಫುಸಾ, ಫ್ರಾಜಿಲಿಸ್. ಹಿಮದ ಅಡಿಯಲ್ಲಿ ತಿಂಗಳುಗಟ್ಟಲೆ ಮಲಗಿ ಏಳುತ್ತವೆ. ನೆಲಕ್ಕೆ ಅಂಟಿಕೊಂಡ ಪುಟ್ಟ ಗಿಡಗಳು, ಹಣ್ಣು ಹೆಬ್ಬೆರಳಿನಷ್ಟು. ಹೂಕುಂಡಕ್ಕೆ ಚೆನ್ನ. 'ಮೈನಸ್ ಮೂವತ್ತು ತಡೆಯುವ ಕಳ್ಳಿ' ಅಂತ ಯಾರಾದರೂ ಮಾರಲು ಬಂದರೆ ಅದು ಸುಳ್ಳಲ್ಲ, ಬೆಳೆಯೂ ಅಲ್ಲ.

ಕಳ್ಳಿಯೇ ಬೇಡ ಅನ್ನುವ ಆಯ್ಕೆ

ಡ್ರ್ಯಾಗನ್ ಫ್ರೂಟೂ ಕಳ್ಳಿಯ ಜಾತಿಯೇ ಅಲ್ಲವಾ, ಅದನ್ನೇ ಹಾಕಿದರೆ? ಬೆಲೆ ಸಿಗುತ್ತದೆ, ಗಿರಾಕಿ ಇದ್ದಾನೆ, ಒಪ್ಪುತ್ತೇನೆ. ಆದರೆ ಅದು ಕಾಡಿನ ಮರಕ್ಕೆ ಹಬ್ಬುವ ಬಿಸಿನಾಡಿನ ಬಳ್ಳಿ. ಚಳಿಯಲ್ಲಿ ಪಾಪಾಸುಕಳ್ಳಿಗಿಂತ ನಾಜೂಕು. ಕಲ್ಲುಕಂಬ, ಡ್ರಿಪ್ಪು, ಗೊಬ್ಬರ ಅಂತ ಮೊದಲೇ ಕೈಯಿಂದ ದುಡ್ಡು ಹಾಕಬೇಕು. ತಾಳವಾಡಿಯಲ್ಲಿ ನೀರಿದ್ದವರಿಗೆ ಸರಿ, ಹಿಮದ ಊರಿಗೆ ಬೇಡವೇ ಬೇಡ.

ಚಳಿ ಮತ್ತು ಮಳೆ ಎರಡೂ ಇರುವ ನೀಲಗಿರಿಯ ಮೇಲ್ಭಾಗಕ್ಕೆ ಮೇವು ಬೇಕಿದ್ದರೆ ಅಲ್ಲಿ ಆಗಲೇ ಎಲ್ಲೆಲ್ಲೂ ಹಬ್ಬಿರುವ ಕಿಕುಯು ಹುಲ್ಲಿದೆ, ಚಳಿಗೆ ಓಟ್ಸ್ ಇದೆ. ತಂಪನ್ನು ಇಷ್ಟಪಡುವ ಗಿಡಗಳಿರುವಾಗ ಒಣನಾಡಿನ ಗಿಡಕ್ಕೆ ಯಾಕೆ ಹಿಂಸೆ?

ಹಾಗಾದರೆ ಯಾರಿಗೆ ಯಾವುದು

ತಾಳವಾಡಿ, ತಳಿ, ದೇನ್ಕನಿಕೋಟೆಯವರು ಕಣ್ಣುಮುಚ್ಚಿ ಫೈಕಸ್-ಇಂಡಿಕಾ ಹಾಕಬಹುದು. ಇಲ್ಲಿನ ಚಳಿ ಅದಕ್ಕೆ ಔಷಧಿ. ಕೆಂಪು ಮಣ್ಣು, ಇಳಿಜಾರು ಇದ್ದರೆ ಇನ್ನೂ ಒಳ್ಳೆಯದು. ಮೇವಿನದರಿಂದ ಶುರು ಮಾಡಿ, ಬದುವಿನಲ್ಲಿ ಹತ್ತು ಗಿಡ ಹಣ್ಣಿನದು ಇಟ್ಟು ನೋಡಿ.

ಮಡಕಶಿರಾ, ರಾಯದುರ್ಗದ ಕಡೆ ಚಳಿಯ ಯೋಚನೆಯೇ ಬೇಡ. ಅಲ್ಲಿ ಬೇಸಿಗೆಯ ರಾತ್ರಿಯ ಸೆಕೆಯೂ ಬಿಳಿಹುಳುವೂ ದೊಡ್ಡವು. ಮಳೆ ಕಡಿಮೆ ಇದ್ದಲ್ಲಿ ಹುಳು ತೊಳೆದುಹೋಗುವುದಿಲ್ಲ, ಕಾವಲು ಜಾಸ್ತಿ ಬೇಕು.

ಜತ್ತ, ಅಕ್ಕಲಕೋಟೆಯ ಅಣ್ಣಂದಿರಿಗೆ ಚಳಿಗಿಂತ ಎರೆಭೂಮಿಯದೇ ಚಿಂತೆ. ಡಿಸೆಂಬರಿನಲ್ಲಿ ರಾತ್ರಿ ಹತ್ತು ಡಿಗ್ರಿಗೆ ಇಳಿದರೂ ಕಳ್ಳಿಗೆ ಏನಾಗುವುದಿಲ್ಲ, ಆದರೆ ಸೆಪ್ಟೆಂಬರಿನಲ್ಲಿ ಎರೆಮಣ್ಣು ಹಿಡಿದಿಟ್ಟ ನೀರು ಬುಡ ಕೊಳೆಸುತ್ತದೆ. ಮೊಣಕಾಲೆತ್ತರ ಏರು ಮಾಡಿ ಅದರ ಮೇಲೆ ನೆಡಿ, ಇಲ್ಲವೇ ಕಲ್ಲುಮರಡಿಯ ಪಾಳು ತುಂಡನ್ನು ಕೊಡಿ.

ಕಾಸರಗೋಡಿನ ಗೆಳೆಯರು ಬೇಜಾರು ಮಾಡಿಕೊಳ್ಳಬಾರದು: ವರ್ಷಕ್ಕೆ 3,000 ಮಿ.ಮೀ. ಮೀರಿ ಮಳೆ ಬೀಳುವ ನೆಲಕ್ಕೆ ಇದು ಬೆಳೆಯಲ್ಲ. ಅಡಿಕೆ ತೋಟದ ಮೂಲೆಯಲ್ಲಿ ಕುಂಡದಲ್ಲಿಡಿ.

ಊಟಿ, ತಲೈಕುಂದಾದಂಥ ಹಿಮದ ಜಾಗದಲ್ಲಿ ಹಠವಿದ್ದರೆ ಮಾತ್ರ ಮನೆಗೋಡೆಯ ಪಕ್ಕ ಹತ್ತು ಗಿಡ. ಕೋತಗಿರಿಯಿಂದ ಕೆಳಗಿಳಿಯುವ ಬಿಸಿ ಇಳಿಜಾರುಗಳು ತಾಳವಾಡಿಗೂ ಊಟಿಗೂ ನಡುವಿನ ಲೆಕ್ಕ. ಅಲ್ಲಿ ದಕ್ಷಿಣಕ್ಕೆ ಮುಖ ಮಾಡಿದ, ನೀರು ನಿಲ್ಲದ ಜಾಗ ಸಿಕ್ಕರೆ ನಾನಾದರೆ ನೆಡುತ್ತೇನೆ.

ನೆಡುವಾಗ, ಚಳಿಯನ್ನು ಮನಸ್ಸಿನಲ್ಲಿಟ್ಟುಕೊಂಡು

ಒಂದೆರಡು ವರ್ಷ ಬಲಿತ ಎಲೆಯನ್ನು ಕೀಲಿನಲ್ಲಿ ಕಡಿಯಿರಿ. ಕಡಿದ ದಿನವೇ ಮಣ್ಣಿಗಿಟ್ಟರೆ ಕೊಳೆಯುವುದು ಖಂಡಿತ. ನೆರಳಿನಲ್ಲಿ ಎರಡು ಮೂರು ವಾರ ಬಿಟ್ಟು, ಗಾಯ ಒಣಗಿ ಕಂದು ಹಕ್ಕಳೆ ಕಟ್ಟಿದ ಮೇಲೆ ಮೂರರಲ್ಲೊಂದು ಭಾಗ ಹೂತು ನೆಡಿ. ಹಿಮ ಕಟ್ಟುವ ಕಡೆ ಏಪ್ರಿಲ್, ಮೇ ಒಳಗೆ ನೆಟ್ಟರೆ ಚಳಿಗೆ ಮುಂಚೆ ಬೇರು ಬಲಿಯುತ್ತದೆ. ಅಕ್ಟೋಬರಿನಲ್ಲಿ ನೆಟ್ಟ ಎಲೆ ಬೇರಿಲ್ಲದೆ ಚಳಿಗೆ ಸಿಕ್ಕುತ್ತದೆ. ಆಗಸ್ಟ್ ಕಳೆದ ಮೇಲೆ ಯೂರಿಯಾ, ಹಸಿಗೊಬ್ಬರ ಎರಡೂ ಬಂದ್. ಆ ಗೊಬ್ಬರಕ್ಕೆ ಹೊರಡುವ ಎಳೆ ಚಿಗುರೇ ಮೊದಲು ಸಾಯುವುದು. ನೀರಾವರಿ ಇದ್ದವರು ಸೆಪ್ಟೆಂಬರಿಗೇ ಪೈಪು ಸುತ್ತಿಡಿ. ಹಿಂಗಾರು ತಪ್ಪದ ಕಡೆ ಗಿಡದ ಮೇಲೆ ತಗಡೋ ಪ್ಲಾಸ್ಟಿಕ್ಕೋ ಇಳಿಜಾರಾಗಿ ಕಟ್ಟಿ, ಪಕ್ಕಗಳನ್ನು ತೆರೆದಿಡಿ. ಇದು ಚಳಿಗೆ ಹೊದಿಕೆಯಲ್ಲ, ಮಳೆಗೆ ಕೊಡೆ. ಬುಡಕ್ಕೆ ಒಣಹುಲ್ಲು ಹೊದಿಸಬೇಡಿ, ಕಲ್ಲು ಜೋಡಿಸಿ. ಕಲ್ಲು ಹಗಲಿನ ಬಿಸಿಯನ್ನು ಹಿಡಿದಿಟ್ಟು ರಾತ್ರಿ ಬಿಡುತ್ತದೆ, ಹುಲ್ಲು ತೇವ ಹಿಡಿದಿಡುತ್ತದೆ. ಹಿಮ ಬಡಿದರೆ ಆ ದಿನವೇ ಕತ್ತಿ ಎತ್ತಬೇಡಿ. ಎರಡು ಮೂರು ವಾರ ಬಿಟ್ಟರೆ ಸತ್ತದ್ದು ಕಪ್ಪಾಗಿ, ಬದುಕಿದ್ದು ಹಸಿರಾಗಿ ತಾನೇ ಬೇರೆಯಾಗುತ್ತದೆ, ಆಮೇಲೆ ಒಣ ದಿನ ನೋಡಿ ಕಡಿಯಿರಿ.

ತಮ್ಮ ತಗ್ಗಿನ ಜಾಗಕ್ಕೆ ಓಟ್ಸ್ ಹಾಕಿದ್ದಾನೆ. ಗೋಡೆಬುಡದ ಎಂಟಕ್ಕೆ ಅವನ ಹೆಂಡತಿ ಕನಿಕರಪಟ್ಟು ನೀರು ಹಾಕದ ಹಾಗೆ ನೋಡಿಕೊಳ್ಳುವುದೇ ದೊಡ್ಡ ಕೆಲಸವಾಗಿತ್ತಂತೆ. ಏಪ್ರಿಲ್ ಕೊನೆಯಲ್ಲಿ ಫೋಟೋ ಕಳಿಸಿದ. ಆರು ಗಿಡದ ನೆತ್ತಿಯಲ್ಲಿ ಇಲಿಕಿವಿಯಂಥ ಚಿಗುರು. ಏಳನೆಯದರ ಅರ್ಧ ಎಲೆ ಇರಲಿಲ್ಲ. ಕೊಟ್ಟಿಗೆಯ ಕಿಟಕಿಯಿಂದ ಕತ್ತು ಚಾಚಿ ನಿಂತ ಹಸುವೂ ಅದೇ ಫೋಟೋದಲ್ಲಿತ್ತು, ಇನ್ನೂ ಮೆಲುಕು ಹಾಕುತ್ತಾ.